ನೇರಳೆ ಪದರದ ಮೇಲಿನ ಅನುಮಾನ

ಸವಣೂರು
12 ಫೆಬ್ರುವರಿ 2025

ಪ್ರೀತಿಯ ತಂಗಿ ಸುಮೇರಾ,

ಅಸ್ಸಲಾಮು ಅಲೈಕುಮ್. ಹಿರೇಕೆರೂರಿನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ತಡಮಾಡಿದ್ದಕ್ಕೆ ಬೈಯಬೇಡ, ಮನಸ್ಸು ನೆಟ್ಟಗಿರಲಿಲ್ಲ.

ಶಿಗ್ಗಾಂವಿಯ ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮ ಕೆಲಸ ಇಷ್ಟೇ: ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ತೆಗೆದ ನೇರಳೆ ಪ್ರೊಟೀನನ್ನು ಅಂಟಿನಲ್ಲಿ ಬೆರೆಸಿ ಎರಡು ಲೋಹದ ಪದರಗಳ ನಡುವೆ ಒಣಗಿಸಿ ಕೂರಿಸುವುದು. ಬೆಳಕು ಬಿದ್ದರೆ ಕರೆಂಟು ಹರಿಯಬೇಕು. ಮುಂದೆ ಅದು ಕ್ಯಾಮೆರಾದ ಕಣ್ಣಾದೀತೆಂಬ ಆಸೆ. ಪದರ ಬಳಿಯುವವಳು ಬಂಕಾಪುರದ ಪೂಜಾ, ಅಳೆಯುವವಳು ನಾನು.

ಒಂಬತ್ತು ತುಂಡು ಅಳೆದೆ. ಗ್ರಾಫಿನಲ್ಲಿ ಒಂಬತ್ತರ ಕರೆಂಟಿನ ಗೆರೆಯೂ ಒಂದೇ. ಜೀವದಿಂದ ಬಂದ ವಸ್ತು ಇಷ್ಟು ಶಿಸ್ತಾಗಿರುತ್ತದೆಯೇ? ಪೂಜಾ ಕಪಾಟಿಗೆ ಬೀಗ ಹಾಕಿದರೂ ಅನುಮಾನ, ನಕ್ಕರೂ ಅನುಮಾನ. ಇದರ ಮೇಲೆ ಲೇಖನ ಬರೆಯುತ್ತಿದ್ದ ನಮ್ಮ ಗೈಡ್ ಚನ್ನವೀರಪ್ಪ ಸರ್ ಮಾತ್ರ, "ಫಲಿತಾಂಶ ಬಂದೈತಿ, ಯಾಕ ಕೆದಕ್ತೀರಿ?" ಎಂದರು.

ಯಾರಿಗೂ ಹೇಳದೆ, ಪ್ರೊಟೀನಿಲ್ಲದ ಬರೀ ಅಂಟು ಬಳಿದ ತುಂಡಿಟ್ಟು ದೀಪ ಹಚ್ಚಿದೆ. ಅದೇ ಗೆರೆ! ಪೂಜಾ ಪ್ರೊಟೀನನ್ನೇ ಬಳಿಯುತ್ತಿಲ್ಲ, ಬಣ್ಣ ಬಳಿದು ಮೋಸ ಮಾಡುತ್ತಿದ್ದಾಳೆ ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಮೂರೇ ದಿನದಲ್ಲಿ ಅವಳನ್ನು ಕೆಲಸದಿಂದ ತೆಗೆದರು.

ಅವಳ ಕಪಾಟು ಖಾಲಿ ಮಾಡುವಾಗ ಟಿಪ್ಪಣಿ ಪುಸ್ತಕ ಸಿಕ್ಕಿತು. ಅಕ್ಟೋಬರಿನಲ್ಲೇ ಬರೆದಿದ್ದಾಳೆ: "ಇದು ಬೆಳಕಿನದಲ್ಲ, ದೀಪದ ಕಾವಿನ ಕರೆಂಟು ಇರಬಹುದು. ಕಾವು ತಡೆಯುವ ಗಾಜು ಬೇಕು. ಸರ್‌ಗೆ ಕೇಳಿದೆ, ಲೇಖನ ಅಚ್ಚಾದ ಮೇಲೆ ನೋಡೋಣ ಎಂದರು."

ಗಾಜು ತರಿಸಿ ಬರೀ ಅಂಟಿನ ತುಂಡನ್ನೂ ಅವಳ ತುಂಡುಗಳನ್ನೂ ಮತ್ತೆ ಅಳೆದೆ. ಅಂಟಿನ ತುಂಡು ಸುಮ್ಮನಾಯಿತು. ಅವಳ ತುಂಡುಗಳಲ್ಲಿ ಸಣ್ಣ ಕರೆಂಟು ಉಳಿಯಿತು. ಒಂದರಂತೆ ಒಂದಿಲ್ಲ, ಆದರೆ ನಿಜವಾದದ್ದು. ದೂರು ಹಿಂಪಡೆದು ಎಲ್ಲವನ್ನೂ ಬರೆದುಕೊಟ್ಟೆ. ಲೇಖನ ನಿಂತಿತು. ಸರ್ ಈಗ ನನ್ನೊಡನೆ ಮಾತಾಡುವುದಿಲ್ಲ.

ನಿನ್ನೆ ಬಂಕಾಪುರಕ್ಕೆ ಹೋಗಿದ್ದೆ. ಪೂಜಾ ಚಹಾ ಕೊಟ್ಟಳು. ವಾಪಸ್ ಕರೆದರೆ, "ಬರಂಗಿಲ್ರಿ" ಎಂದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕಾರ, ಬರದು ಕೊಡೂಕಿಂತ ಮೊದಲ ನನ್ನ ಒಂದು ಮಾತು ಕೇಳಬಹುದಿತ್ತಲ್ರಿ?" ಎಂದಳು.

ಅಲ್ಲಾಹ್ ನಿನ್ನ ಮಕ್ಕಳಿಗೆ ಆಯುಷ್ಯ, ನಿನ್ನ ಮನೆಗೆ ನೆಮ್ಮದಿ ಕೊಡಲಿ.

ನಿನ್ನ ಅಕ್ಕ,
ಶಬೀನಾ

ತಾ.ಕ.: ನನಗೆ ಮೂರ್ಛೆ ಬರುತ್ತಿದ್ದ ವಿಷಯ ತಿಳಿದು ಹಾನಗಲ್ಲಿನ ಗಂಡಿನ ಕಡೆಯವರು ನಿಶ್ಚಯವಾದ ನನ್ನ ಮದುವೆ ಮುರಿದರಲ್ಲ, ಅವರಿಗೆ ಹೇಳಿದವಳು ನೀನೇ ಎಂದು ಹನ್ನೆರಡು ವರ್ಷದಿಂದ ನಂಬಿದ್ದೇನೆ. ನಿನ್ನ ನಿಕಾಹ್‌ಗೆ ನಾನು ಬಾರದಿದ್ದುದು ಜ್ವರದಿಂದಲ್ಲ. ಒಮ್ಮೆಯೂ ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಸುಮೇರಾ. ನೀನು ಹೇಳಿದ್ದೆಯಾ?