ಜೀರ್ದೆಯ ರಕ್ತಪರೀಕ್ಷೆ

ಸೂಸಮಿರ್ ಹುಲ್ಲುಗಾವಲು,
ಆಗಸ್ಟ್ ೨೧

ಅವ್ವಾ, ನಿನಗೆ ಜಾನಿಶನ ಸಲಾಂ.

ಇಲ್ಲಿ ನಾನೂ ನಿನ್ನ ಸೊಸೆ ಬೆರ್ಮೆತಳೂ ಕ್ಷೇಮ. ಕುದುರೆ ಹಾಲಿನ ಕುಮಿಸ್ ಈ ಸಲ ಹದವಾಗಿ ಹುಳಿಯಾಗಿದೆ, ಒಂದು ಕ್ಯಾನು ಕಳಿಸಿದ್ದೇನೆ.

ನಮ್ಮ ಕೆಂಪು ಕುದುರೆ ಜೀರ್ದೆಯ ರಕ್ತಪರೀಕ್ಷೆಯ ಕಾಗದ ಬಂತು. ಅದು ಎಂದೂ ಮರಿ ಹಾಕುವುದಿಲ್ಲವಂತೆ, ಹಾಲಿನ ಆಸೆ ಬಿಡು. ನಾವು ಮೂರು ವರ್ಷ ಮೂರು ಗಂಡುಕುದುರೆ ಬದಲಾಯಿಸಿದ್ದನ್ನು ಕೇಳಿ ಪಶುವೈದ್ಯೆ ಸಾಯ್ರಾ ನಕ್ಕುಬಿಟ್ಟಳು. "ಪಾಪ, ಗಂಡುಗಳನ್ನ ಯಾಕಪ್ಪಾ ಬೈದ್ರಿ? ಹೆಣ್ಣಿಗೆ ಎಕ್ಸ್ ವರ್ಣತಂತು ಎರಡಿರ್ಬೇಕು, ಇದಕ್ಕೆ ಮೂರಿವೆ. ಹುಟ್ಟಿದ್ದೇ ಹಾಗೆ. ಯಾರ ತಪ್ಪೂ ಅಲ್ಲ" ಅಂದಳು.

ಮೊದಲ ಹಿಮ ಬೀಳುತ್ತಲೇ ಅದನ್ನು ಚಳಿಗಾಲದ ಮಾಂಸಕ್ಕೆ ಕಡಿಸುತ್ತೇನೆ ಅಂತ ನೀನು ಅಂದಿದ್ದೆ. ಬೇಡ ಅವ್ವಾ. ಬೇಕಾದರೆ ಮುದಿ ಬೂದು ಕುದುರೆಯನ್ನು ಕಡಿಸು. ಜೀರ್ದೆಯನ್ನು ನಾನು ಸವಾರಿಗೆ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು. ಹೋದ ತಿಂಗಳು ಇಲ್ಲಿಗೆ ಬಂದಾಗ ನೀನು ಬೆರ್ಮೆತ್‌ಗೆ, "ನಿನ್ನನ್ನೂ ಜೀರ್ದೆ ಪಕ್ಕದಲ್ಲೇ ಕಟ್ಟಾಕ್ಬೇಕು ಕಣೇ, ಇಬ್ರೂ ಮೇಯೋಕಷ್ಟೇ ಲಾಯಕ್ಕು" ಅಂದೆ. ನಿನ್ನ ಸೊಸೆ ನಿನ್ನ ಬಟ್ಟಲಿಗೆ ಇನ್ನಷ್ಟು ಕುಮಿಸ್ ಸುರಿದಳು. ನಾನು ಜೀನು ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿದ್ದೆ.

ಗಂಡಿಗೆ ಎಕ್ಸ್ ಒಂದೇ ಇರಬೇಕು. ನನಗೆ ಎರಡಿವೆ. ಮಕ್ಕಳಾಗದಿರುವುದು ನನ್ನಿಂದ. ಪಟ್ಟಣದ ಆಸ್ಪತ್ರೆಯವರು ಹೀಗೆಂದು ಬರೆದುಕೊಟ್ಟು ಏಳು ತಿಂಗಳಾಯಿತು. ರಷ್ಯನ್ ಭಾಷೆಯಲ್ಲಿದ್ದ ಆ ಕಾಗದವನ್ನು ನನಗೆ ಓದಿ ಹೇಳಿದವಳೇ ಬೆರ್ಮೆತ್.

ಮಕ್ಕಳಾಗಲೆಂದು ನೀನು ಅವಳಿಗೆ ಕಳಿಸುತ್ತಿರುವ ಆ ಕಹಿ ಬೇರನ್ನು ಇನ್ನು ಕಳಿಸಬೇಡ. ಇವತ್ತು ಬೆಳಿಗ್ಗೆಯೂ ಅದನ್ನು ಕುದಿಸಿ ಒಂದು ಬಟ್ಟಲು ಕುಡಿದಳು.

ನಿನ್ನ ಮಗ,
ಜಾನಿಶ್