ಹರಕೆಯ ಸಕ್ಕರೆ

ಹಿರೇಬೆಂಡಿಗೇರಿ

ಮಗ ಗೋಣೆಪ್ಪನಿಗೆ ಅವ್ವನ ಆಶೀರ್ವಾದ.

ಚುನಾವಣೆಗೆ ನಿಂತಾಗ ಸವಣೂರಿನಲ್ಲಿ ನೀನು ಮುಸಲ್ಮಾನರನ್ನು ಬೈದ ಭಾಷಣದ ಕೇಸಿಗೆ ಈ ಸಲವೂ ಜಾಮೀನು ಸಿಗಲಿಲ್ಲವೆಂದು ವಕೀಲರು ಹೇಳಿದರು. ಕೌದಿ ಕಳಿಸಿದ್ದೇನೆ. ಜೈಲಿನವರು ಕೊಡದಿದ್ದರೆ ತಿಳಿಸು.

ಐದು ತುಂಬಿದರೂ ನಿನಗೆ ಮಾತು ಬಂದಿರಲಿಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರ ಪಂಜಾದ ಮುಂದೆ ಬೇಡಿಕೊಂಡು ನಿನ್ನನ್ನು ಫಕೀರನನ್ನಾಗಿ ಮಾಡಿದೆ. ಹರಕೆಯ ಸಕ್ಕರೆಯನ್ನು ನಿನ್ನ ನಾಲಿಗೆಗಿಟ್ಟವಳು ನಮ್ಮ ಓಣಿಯ ಚಾಂದಬಿ. ಆಮೇಲೇ ನಿನಗೆ ಮಾತು ಬಂದದ್ದು. ನಿನ್ನೆ ಅವಳೇ ಬಂದು, "ಯಂಕವ್ವ, ಅಲ್ಲಿ ಹುಡುಗಗ ಊಟ ಸೇರತೈತೇನು?" ಎಂದು ಕೇಳಿದಳು.

ಬೆಳಗಿನ ಜಾವ ಕನಸು ಬಿತ್ತು. ಅಂಗಳದ ತುಂಬ ಲೋಬಾನದ ಹೊಗೆ ತೇಲುತ್ತಿತ್ತು. ನೀನು ನನ್ನ ತೊಡೆಯ ಮೇಲೆ ಮಲಗಿದ್ದೆ, ನಿನಗಿನ್ನೂ ಮಾತು ಬಂದಿರಲಿಲ್ಲ. ಎದುರಿಗೇ ಪಂಜಾ ಇತ್ತು. ಬೇಡಿಕೊಳ್ಳಲೋ ಬೇಡವೋ ಎಂದು ನಾನು ಯೋಚಿಸುತ್ತ ಕುಳಿತಿದ್ದೆ.

ನಿನ್ನ ಅವ್ವ,
ಯಂಕವ್ವ