ಹೆಸರು ಹೇಳಲು ಕೋರ್ಟಿನ ಪರವಾನಗಿ ಬೇಡ

ಪ್ರೀತಿಯ ಪ್ರಣಿತಾ,

ನಿನ್ನ ಅಣ್ಣನ ಮಗಳಿಗೆ, ನನ್ನ ಕೂಸಿಗೆ, ಇನ್ನೂ ಹೆಸರಿಲ್ಲ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನೀನು, ಬರಲಿಲ್ಲ. ಕೂಸು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ನೀರು ಸರಿಯಾಗಿ ಕುದಿಯಿತೋ ಇಲ್ಲವೋ ಎಂದು ಎದ್ದು ಮತ್ತೆ ಒಲೆ ಹಚ್ಚುತ್ತೇನೆ.

ನೀನು ಕೆಲಸ ಮಾಡುವ ಕುಪವಾಡದ ಬಣ್ಣದ ಕಾರ್ಖಾನೆಯಿಂದ ನಮ್ಮ ಬೋರಿನ ನೀರು ಕೆಟ್ಟಿತೆಂದು ಗಲ್ಲಿಯವರು ಸೇರಿ ಒಂದೇ ದಾವೆ ಹಾಕಿದೆವು. ಕಾರ್ಖಾನೆಯವರು ಮನೆಮನೆಗೆ ಬಂದು, ದಾವೆ ಬಿಡಿ ಎಂದು ಹೆದರಿಸತೊಡಗಿದಾಗ ಸಾಂಗಲಿಯ ನ್ಯಾಯಾಧೀಶರು ಸಿಟ್ಟಾದರು. ಇನ್ನು ಮುಂದೆ ದಾವೆಯ ವಿಷಯವಾಗಿ ನಮಗೆ ಏನೇ ಹೇಳುವುದಿದ್ದರೂ ಅವರು ಮೊದಲು ಕೋರ್ಟಿಗೆ ತೋರಿಸಬೇಕು ಎಂದರು. ಆ ದಿನ ನಾನೇ ಪೇಢೆ ಹಂಚಿದೆ.

ಮರುದಿನ ನಿನ್ನ ಫೋನು ಬಂತು. "ವೈನಿ, ದಾವೇದವರ ಮನಿಗೆ ಕಾಲಿಡಬ್ಯಾಡ್ರಿ ಅಂದಾರ ನಮ್ಮ ಸಾಹೇಬರು. ಇನ್ನ ಚಾ ಆತೇನ್ರಿ ಅಂತ ಕೇಳಾಕೂ ಜಡ್ಜ್ ಸಹಿ ಬೇಕು ನೋಡ್ರಿ." ಇಬ್ಬರೂ ನಕ್ಕೆವು. ಆಮೇಲೆ ನೀನು ಬರಲೇ ಇಲ್ಲ.

ಪಕ್ಕದ ವೃಷಾಲಿಯ ಮನೆಗೆ ಮಾತ್ರ ಬಂದೆ. ಅವರಿಗೆ ನಳದ ನೀರಿದೆ, ದಾವೆಯಲ್ಲಿಲ್ಲ. ಅವಳ ಗಂಡನಿಗೆ ಅಕ್ಕತಂಗಿಯರಿಲ್ಲವೆಂದು ಅವಳ ಮಗನಿಗೆ ಹೆಸರಿಡುವ ಬಾರಸೆಯಲ್ಲಿ ನೀನೇ ಸೋದರತ್ತೆ, ಆತ್ಯಾ ಆಗಿ ನಿಂತೆ. ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದೆ, ಪದ್ಧತಿಯಂತೆ ಹೆಂಗಸರು ನಿನ್ನ ಬೆನ್ನಿಗೆ ಗುದ್ದಿದರು. "ಸಾವಕಾಶ್ರಿ, ಬೆನ್ನ ಮುರದೀತು" ಎಂದು ನೀನು ನಕ್ಕಿದ್ದು ನಮ್ಮ ಮನೆಯೊಳಗೇ ನಕ್ಕಂತೆ ಕೇಳಿತು. ಕೂಸಿಗೆ ಕೇಳಿಸಬಾರದೆಂದು ಅವಳನ್ನೆತ್ತಿಕೊಂಡು ಹಿತ್ತಿಲಿಗೆ ಹೋದೆ. ಸಂಜೆ ವೃಷಾಲಿ ಗುಗ್ಗರಿ ತಂದುಕೊಟ್ಟು, "ಹೆಸರ ಪ್ರಣಿತಾನ ಆರಿಸ್ಯಾಳ್ರಿ" ಎಂದಳು. ಆ ಎಳೆಯ ಮಗುವಿನ ಕಿವಿಯ ಮೇಲೂ ನನಗೆ ಹೊಟ್ಟೆಕಿಚ್ಚು, ಪ್ರಣಿತಾ.

ಹೆಸರಿಡಲು ನೀನು ಬರುವುದಕ್ಕೂ ಕೋರ್ಟಿನ ಅಡ್ಡಿಯಿದೆಯೇ ಎಂದು ನಮ್ಮ ವಕೀಲ ಸಿದ್ರಾಮಪ್ಪ ಕಾಕಾರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ದಾವೇದ ಮಾತಿಗಷ್ಟ ನಿರ್ಬಂಧ ಐತಿ ತಂಗಿ. ಕೂಸಿಗೆ ಹೆಸರಿಡಾಕ ಕೋರ್ಟ್ ಯಾಕ ಬೇಕು? ನಿಮ್ಮ ನಾದಿನಿ ಸಾಹೇಬಗ ಹೆದರ್ಯಾಳ, ಇಲ್ಲಾ ನಿಮ್ಮ ಮ್ಯಾಲ ಸಿಟ್ಟಾಗ್ಯಾಳ."

ನಮ್ಮ ದಾವೆಯಿಂದ ನಿನ್ನ ನೌಕರಿಗೆ ಕುತ್ತು ಬರುತ್ತದೆಂದು ಸಿಟ್ಟಿದ್ದರೆ ಇರಲಿ. ದಾವೆ ಬಿಡಲಾರೆ, ನಾಳೆ ಕೂಸು ಅದೇ ನೀರು ಕುಡಿಯಬೇಕು. ನಿನ್ನನ್ನು ವೃಷಾಲಿಗೆ ಬಿಟ್ಟುಕೊಡಲೂ ಆಗುವುದಿಲ್ಲ.

ಗುರುವಾರ ತೊಟ್ಟಿಲು ಕಟ್ಟುತ್ತೇವೆ, ಬಾ. ನನ್ನ ಜೊತೆ ಒಂದು ಮಾತೂ ಆಡಬೇಡ, ನಾನು ಅಡುಗೆಮನೆಯಲ್ಲೇ ಇರುತ್ತೇನೆ. ಹೆಸರು ನೀನೇ ಆರಿಸು. ಅವಳ ಕಿವಿಯಲ್ಲಿ ಹೇಳು, ಆದರೆ ತುಸು ಜೋರಾಗಿ, ಪಕ್ಕದ ಮನೆಗೆ ಕೇಳುವಷ್ಟು.

ನಿನ್ನ ನೌಕರಿ ಉಳಿಯಲಿ, ನಮ್ಮ ನೀರು ತಿಳಿಯಾಗಲಿ.

ನಿನ್ನ ವೈನಿ,
ಅನುಜಾ